ಮುಂದಿನ ವಿಡಿಯೊ ಯಾರ ಆಯ್ಕೆ?

ಹದಿಹರೆಯದ ಮಕ್ಕಳು ವಿಡಿಯೊ ನೋಡುವ ಅಭ್ಯಾಸದ ಬಗ್ಗೆ ಮಾತಾಡುವ ಮೊದಲು, ಪೋಷಕರಾದ ನಿಮಗೆ ಒಂದು ಸಣ್ಣ ಕೆಲಸ. ಎಲ್ಲರೂ ಫೋನ್ ಹೊರಗೆ ತೆಗೆಯಿರಿ. ಮಕ್ಕಳದ್ದಲ್ಲ, ನಿಮ್ಮದು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ಐಫೋನ್ ಆದರೆ ಸ್ಕ್ರೀನ್ ಟೈಮ್. ಇನ್ನೂ ಒತ್ತಬೇಡಿ. ನಿನ್ನೆ ಒಟ್ಟು ಎಷ್ಟು ಹೊತ್ತು ಫೋನ್ ನೋಡಿದಿರಿ, ಎಷ್ಟು ಸಲ ಕೈಗೆತ್ತಿಕೊಂಡಿರಿ ಅಂತ ಮನಸ್ಸಿನಲ್ಲೇ ಒಂದು ಅಂದಾಜು ಹಾಕಿಕೊಳ್ಳಿ. ಹಾಕಿದಿರಾ? ಈಗ ತೆರೆದು ನೋಡಿ.

ನಗು ಕೇಳಿಸುತ್ತಿದೆ. ಸಾಮಾನ್ಯವಾಗಿ ಅಂದಾಜು ತಪ್ಪುತ್ತದೆ. ಕೆಲವರದ್ದು ಹೆಚ್ಚು, ಕೆಲವರದ್ದು ಕಡಿಮೆ. ಜನ ಬಾಯಲ್ಲಿ ಹೇಳಿದ ಲೆಕ್ಕವನ್ನೂ ಫೋನ್ ದಾಖಲಿಸಿದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳನ್ನು 2021ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ಎರಡಕ್ಕೂ ತಾಳೆ ಅಷ್ಟಕ್ಕಷ್ಟೇ ಇತ್ತು. ಹಾಗಾಗಿ ಹುಡುಗ ‘ಅರ್ಧ ಗಂಟೆ ಅಷ್ಟೇ’ ಅಂದರೆ, ಅಮ್ಮ ‘ಇಡೀ ದಿನ ಅದರಲ್ಲೇ ಇರ್ತಾನೆ’ ಅಂದರೆ, ಇಬ್ಬರ ಮಾತನ್ನೂ ಬದಿಗಿಟ್ಟು ಆ ಪುಟ ತೆರೆಯಿರಿ. ಒಂದು ದಿನದ್ದು ಸಾಲದು, ವಾರದ್ದು ನೋಡಿ. ರಜೆಯ ದಿನಕ್ಕೂ ಶಾಲೆಯ ದಿನಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಇನ್ನೊಂದು ವಿಷಯ: ಮನೆಯ ದೊಡ್ಡ ಟಿವಿಯಲ್ಲಿ ಹಾಕಿಕೊಂಡು ನೋಡಿದ ಯೂಟ್ಯೂಬ್ ಈ ಲೆಕ್ಕದಲ್ಲಿ ಬರುವುದಿಲ್ಲ.

ಹದಿಹರೆಯದವರ ಬಗ್ಗೆ ಮತ್ತೆ ಮತ್ತೆ ಸಮೀಕ್ಷೆ ಮಾಡಿ ಹಳೆಯದಕ್ಕೆ ಹೋಲಿಸಿ ನೋಡುವ ಹಾಗೆ ಇಟ್ಟಿರುವುದು ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್. ಅಲ್ಲಿನ 13ರಿಂದ 17 ವರ್ಷದವರಲ್ಲಿ ಸ್ಮಾರ್ಟ್‌ಫೋನ್ ಕೈಗೆ ಸಿಗುವವರು 2014–15ರಲ್ಲಿ ಶೇ 73. 2022ರಲ್ಲಿ ಶೇ 95. ‘ಹೆಚ್ಚು ಕಡಿಮೆ ಸದಾ ಆನ್‌ಲೈನ್ ಇರುತ್ತೇನೆ’ ಅಂದವರು ಇದೇ ಅವಧಿಯಲ್ಲಿ ಶೇ 24ರಿಂದ ಶೇ 46ಕ್ಕೆ ಏರಿದರು. ಫೇಸ್‌ಬುಕ್ ಬಳಸುವವರು ಶೇ 71ರಿಂದ ಶೇ 32ಕ್ಕೆ ಇಳಿದರು. 2022ರಲ್ಲಿ ಯೂಟ್ಯೂಬ್ ನೋಡುವವರು ಶೇ 95, ಟಿಕ್‌ಟಾಕ್ ಶೇ 67. ಫೇಸ್‌ಬುಕ್‌ನ ಇಳಿತ ಮತ್ತು ಟಿಕ್‌ಟಾಕ್‌ನ ಏರಿಕೆಯನ್ನು ಒಟ್ಟಿಗೆ ಓದಿ. ಗೆಳೆಯರು ಏನು ಹಾಕಿದ್ದಾರೆ ಅಂತ ನೋಡುವ ಜಾಗದಿಂದ, ಗುರುತೇ ಇಲ್ಲದವರು ಮಾಡಿದ ವಿಡಿಯೊ ನೋಡುವ ಜಾಗಕ್ಕೆ ಮಕ್ಕಳು ಹೋಗಿದ್ದಾರೆ. ಸೋಷಿಯಲ್ ಮೀಡಿಯಾ ಅನ್ನುವ ಹಳೆಯ ಹೆಸರೇ ನಾಲಿಗೆಯ ಮೇಲೆ ಉಳಿದಿದೆ. ಒಳಗಿರುವುದು ಈಗ ಹೆಚ್ಚಾಗಿ ಟಿವಿ.

ಆದರೆ ಸಾಮಾನ್ಯ ಟಿವಿ ಅಲ್ಲ. ಟಿವಿಯ ಕಾಲದಲ್ಲಿ ಮುಂದೇನು ಅನ್ನುವುದನ್ನು ಚಾನೆಲ್‌ನವರು ತೀರ್ಮಾನಿಸುತ್ತಿದ್ದರು, ಯಾವ ಚಾನೆಲ್ ಅನ್ನುವುದನ್ನು ರಿಮೋಟ್ ಹಿಡಿದವರು. ಹದಿನಾಲ್ಕರ ಹುಡುಗಿಯ ಪಾಲಿಗೆ ಸಾಮಾನ್ಯವಾಗಿ ಇಬ್ಬರೂ ಬೇರೆಯವರೇ. ಆದರೂ ಧಾರಾವಾಹಿ ಮುಗಿಯುತ್ತಿತ್ತು, ಹೆಸರುಗಳು ಉರುಳುತ್ತಿದ್ದವು, ಜಾಹೀರಾತು ಬರುತ್ತಿತ್ತು. ಎದ್ದು ಹೋಗಲು ಅಲ್ಲೊಂದು ಸಂದು ಸಿಗುತ್ತಿತ್ತು. ಸ್ಮಾರ್ಟ್‌ಫೋನ್ ಬಂದ ಮೊದಲ ಕೆಲವು ವರ್ಷ ಆಯ್ಕೆ ನಿಜಕ್ಕೂ ಆ ಹುಡುಗಿಯ ಕೈಗೆ ಬಂತು. ಬೇಕಾದ್ದನ್ನು ಹುಡುಕಿ, ತೆಗೆದು, ನೋಡಿ ಮುಚ್ಚುತ್ತಿದ್ದಳು. ಆಮೇಲೆ ಮುಂದೇನು ನೋಡುವುದು, ಎಲ್ಲಿಗೆ ನಿಲ್ಲಿಸುವುದು ಅನ್ನುವ ಎರಡೂ ತೀರ್ಮಾನಗಳು ಅವಳ ಕೈಯಿಂದ ಯಂತ್ರದ ಕೈಗೆ ಹೋದವು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಗಂಟೆಗಳ ಲೆಕ್ಕ ಇದರ ಪರಿಣಾಮ.

ಇದು ತಾನಾಗಿ ಆದದ್ದಲ್ಲ, ಒಂದೊಂದು ಹೆಜ್ಜೆಗೂ ತಾರೀಖು ಇದೆ. ಯೂಟ್ಯೂಬ್‌ಗೆ ಮೊದಲ ವಿಡಿಯೊ ಏರಿದ್ದು 2005ರ ಏಪ್ರಿಲ್ 23ಕ್ಕೆ, 19 ಸೆಕೆಂಡಿನದು. ಮುಂದಿನ ವರ್ಷ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ ‘ಮುಂದಿನ ಪುಟ’ ಎಂಬ ಗುಂಡಿಯೇ ಬೇಡದ, ಕೆಳಗೆ ಎಳೆದಷ್ಟೂ ತುಂಬಿಕೊಳ್ಳುವ ಪುಟವನ್ನು ರೂಪಿಸಿದರು. ಅದರ ಬಗ್ಗೆ ಆಮೇಲೆ ಅವರೇ ಬಹಿರಂಗವಾಗಿ ವಿಷಾದ ಹೇಳಿಕೊಂಡಿದ್ದಾರೆ. 2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್. 2012ರಲ್ಲಿ ಯೂಟ್ಯೂಬ್ ತನ್ನ ಶಿಫಾರಸಿನ ಅಳತೆಗೋಲನ್ನೇ ಬದಲಿಸಿತು: ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದರ ಬದಲು ಎಷ್ಟು ಹೊತ್ತು ನೋಡಿದರು. ಕಾರಣ ಸರಿಯಾಗಿಯೇ ಇತ್ತು. ಸುಳ್ಳು ಚಿತ್ರ, ಸುಳ್ಳು ಶೀರ್ಷಿಕೆ ಹಾಕಿ ಕ್ಲಿಕ್ ಗಿಟ್ಟಿಸುವವರನ್ನು ತಡೆಯಬೇಕಿತ್ತು. ಆದರೆ ‘ಹೊತ್ತು’ ಅಳತೆಗೋಲಾದ ಮೇಲೆ ಹೊತ್ತನ್ನು ಹಿಗ್ಗಿಸುವುದೇ ಎಲ್ಲರ ಕೆಲಸವಾಯಿತು. 2015ರ ಹೊತ್ತಿಗೆ ಒಂದು ವಿಡಿಯೊ ಮುಗಿದ ತಕ್ಷಣ ಇನ್ನೊಂದು ತಾನೇ ಶುರುವಾಗುವ ಆಟೊಪ್ಲೇ ಬಂತು. ಯೂಟ್ಯೂಬ್‌ನಲ್ಲಿ ಜನ ಕಳೆಯುವ ಹೊತ್ತಿನ ಶೇ 70ಕ್ಕೂ ಹೆಚ್ಚು ಪಾಲು ಶಿಫಾರಸಿನಿಂದಲೇ ಬರುತ್ತದೆ ಅಂತ 2018ರ ಜನವರಿಯಲ್ಲಿ ಆ ಕಂಪನಿಯ ಅಧಿಕಾರಿಯೇ ಹೇಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಚಿಕ್ಕ ವಿಡಿಯೊಗಳ ಮ್ಯೂಸಿಕಲಿ ಆ್ಯಪ್ ಟಿಕ್‌ಟಾಕ್‌ನಲ್ಲಿ ವಿಲೀನವಾಯಿತು. 2020ರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್ ಬಂದವು.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಕ್ಷಮಿಸಿ. ‘ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ಅದಕ್ಕೇ ಚಿಕ್ಕ ವಿಡಿಯೊ ಇಷ್ಟ’ ಅಂತ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ವೈನ್ ಗೆಲ್ಲಬೇಕಿತ್ತು. 2013ರಲ್ಲಿ ಬಂದ ಆ ಆ್ಯಪ್‌ನಲ್ಲಿ ವಿಡಿಯೊಗೆ ಆರೇ ಸೆಕೆಂಡ್. ಹದಿಹರೆಯದವರು ಮುಗಿಬಿದ್ದರು ಕೂಡ. ಆದರೆ 2017ರ ಜನವರಿಯಲ್ಲಿ ಅದು ಮುಚ್ಚಿತು. ವಿಡಿಯೊ ಮಾಡುವವರಿಗೆ ಹಣ ಬರುವ ದಾರಿ ಇರಲಿಲ್ಲ ಅನ್ನುವುದು ಒಂದು ಕಾರಣ. ನನ್ನ ಪ್ರಕಾರ ಇನ್ನೊಂದೂ ಇದೆ: ವೈನ್‌ನಲ್ಲಿ ನೀವು ಯಾರನ್ನು ಫಾಲೊ ಮಾಡುತ್ತಿದ್ದಿರೋ ಮುಖ್ಯವಾಗಿ ಅವರ ವಿಡಿಯೊಗಳೇ ಬರುತ್ತಿದ್ದವು. ಅವು ಮುಗಿದರೆ ಮುಗಿಯಿತು. ಟಿಕ್‌ಟಾಕ್ ಯಾರನ್ನೂ ಫಾಲೊ ಮಾಡದ ಹೊಸಬನಿಗೂ ಮೊದಲ ನಿಮಿಷದಿಂದಲೇ ವಿಡಿಯೊ ಸುರಿಯಿತು. ಉದ್ದವೂ ಅಷ್ಟು ಮುಖ್ಯವಲ್ಲ ಅನ್ನುವುದಕ್ಕೆ ಅವರೇ ಸಾಕ್ಷಿ: ಮೊದಲು 15 ಸೆಕೆಂಡ್ ಇದ್ದದ್ದು ಒಂದು ನಿಮಿಷವಾಗಿ, 2021ರಲ್ಲಿ ಮೂರು ನಿಮಿಷವಾಗಿ, 2022ರಲ್ಲಿ ಹತ್ತು ನಿಮಿಷವಾಯಿತು. ಶಾರ್ಟ್ಸ್ ಕೂಡ 2024ರಲ್ಲಿ ಮೂರು ನಿಮಿಷಕ್ಕೆ ಬೆಳೆಯಿತು. ಇದೇ ಮಕ್ಕಳು ಯಾರೋ ಗೇಮ್ ಆಡುವುದನ್ನು ಎರಡು ಮೂರು ಗಂಟೆ ನೇರಪ್ರಸಾರದಲ್ಲಿ ಕೂತು ನೋಡುತ್ತಾರೆ. ತಾಳ್ಮೆ ಇದೆ. ಆಸಕ್ತಿ ಹುಟ್ಟದ ವಿಷಯಕ್ಕೆ ಕೊಡುವ ವಾಯಿದೆ ಮಾತ್ರ ಕಡಿಮೆಯಾಗಿದೆ.

ಈಗ ಫೀಡ್, ಅಂದರೆ ಒಂದಾದ ಮೇಲೊಂದು ತಾನೇ ಬರುವ ವಿಡಿಯೊಗಳ ಸಾಲು, ಅದರ ಒಳಗೆ ಏನು ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ, ಯಾಕೆಂದರೆ ಮಿಕ್ಕದ್ದೆಲ್ಲ ಇದರ ಮೇಲೆ ನಿಂತಿದೆ. ಹಳೆಯ ಯೂಟ್ಯೂಬ್ ಮುಖಪುಟದಲ್ಲಿ ಒಂದರ ಕೆಳಗೊಂದು ವಿಡಿಯೊಗಳ ಪಟ್ಟಿ. ಹುಡುಗ ಹತ್ತರಲ್ಲಿ ಒಂದನ್ನು ಒತ್ತುತ್ತಾನೆ. ಉಳಿದ ಒಂಬತ್ತು ಅವನಿಗೆ ಇಷ್ಟವಿಲ್ಲವೋ, ಕಣ್ಣಿಗೇ ಬೀಳಲಿಲ್ಲವೋ, ನಾಳೆ ನೋಡೋಣ ಅಂದುಕೊಂಡನೋ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹತ್ತು ನಿಮಿಷದ ವಿಡಿಯೊ ನೋಡಿದರೆ ಹತ್ತು ನಿಮಿಷಕ್ಕೆ ಒಂದು ಉತ್ತರ. ರೀಲ್ಸ್‌ನಲ್ಲಿ ಪರದೆ ತುಂಬ ಒಂದೇ ವಿಡಿಯೊ. ಬೇರೆ ಏನೂ ಇಲ್ಲವಾದ್ದರಿಂದ ಅವನ ಪ್ರತಿಕ್ರಿಯೆ ಆ ಒಂದಕ್ಕೇ ಸೇರಿದ್ದು. ಪೂರ್ತಿ ನೋಡಿದನೇ, ಎರಡನೇ ಸಲ ತಿರುಗಲು ಬಿಟ್ಟನೇ, ಎಷ್ಟನೇ ಸೆಕೆಂಡಿಗೆ ಬೆರಳಾಡಿಸಿ ದಾಟಿದ, ಕಾಮೆಂಟ್ ತೆರೆದನೇ, ಗೆಳೆಯನಿಗೆ ಕಳಿಸಿದನೇ. ವಿಡಿಯೊಗೆ ಸರಾಸರಿ 20 ಸೆಕೆಂಡ್ ಅಂದುಕೊಂಡರೆ ಅದೇ ಹತ್ತು ನಿಮಿಷದಲ್ಲಿ ಮೂವತ್ತು ಉತ್ತರ. ಲೈಕ್ ಒತ್ತುವುದು ಬಿಡುವುದು ಇಲ್ಲಿ ಗೌಣ. ‘ನಾನು ಯಾವುದಕ್ಕೂ ಲೈಕ್ ಕೊಡಲ್ಲ, ನನ್ನ ಬಗ್ಗೆ ಅದಕ್ಕೇನು ಗೊತ್ತಾಗುತ್ತೆ’ ಅನ್ನುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು: ನೀನು ತಡೆದು ನಿಂತ ಸೆಕೆಂಡುಗಳೇ ಸಾಕು.

ಇದರಲ್ಲಿ ಒಂದು ಎಡವಟ್ಟೂ ಇದೆ. ತಡೆದು ನಿಲ್ಲುವುದಕ್ಕೆ ಇಷ್ಟವೇ ಕಾರಣವಾಗಬೇಕಿಲ್ಲ. ಅಪಘಾತದ ದೃಶ್ಯ, ಜಗಳ, ಯಾರದೋ ಅವಮಾನ ಕಂಡರೂ ಕಣ್ಣು ನಿಲ್ಲುತ್ತದೆ. ಮುಖದ ಮೊಡವೆ ಬಗ್ಗೆ ಚಿಂತೆಯಿರುವ ಹುಡುಗಿ ಮೊಡವೆಯ ವಿಡಿಯೊ ಮೇಲೆ ಎಂಟು ಸೆಕೆಂಡ್ ಹೆಚ್ಚು ನಿಲ್ಲುತ್ತಾಳೆ. ಯಂತ್ರ ಅದನ್ನು ಆಸಕ್ತಿ ಅಂತ ಓದುತ್ತದೆ, ಇನ್ನೂ ನಾಲ್ಕು ತಂದಿಡುತ್ತದೆ. ನಾಲ್ಕಕ್ಕೂ ಅವಳು ನಿಂತರೆ ಸಂಜೆಯ ಹೊತ್ತಿಗೆ ಫೀಡಿನ ತುಂಬ ಚರ್ಮ, ಕ್ರೀಮು, ಮೊದಲು ಹೀಗಿದ್ದೆ ಈಗ ಹೀಗಾದೆ. ಯಾರೂ ಅವಳಿಗೆ ಕೇಡು ಬಯಸಿದವರಲ್ಲ. ಅವಳ ಚಿಂತೆಗೂ ಅವಳ ಖುಷಿಗೂ ಇರುವ ವ್ಯತ್ಯಾಸ ಸೆಕೆಂಡುಗಳ ಲೆಕ್ಕದಲ್ಲಿ ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ಚಿಕ್ಕ ತಾಂತ್ರಿಕ ಸಂಗತಿ. ನೀವು ಒಂದು ವಿಡಿಯೊ ನೋಡುತ್ತಿರುವಾಗಲೇ ಮುಂದಿನ ಕೆಲವು ವಿಡಿಯೊಗಳ ಆರಂಭದ ಭಾಗ ಫೋನಿಗೆ ಇಳಿದಿರುತ್ತದೆ. ಅದಕ್ಕೇ ನೆಟ್‌ವರ್ಕ್ ಸುಮಾರಾಗಿದ್ದರೂ ಬೆರಳು ಎಳೆದ ತಕ್ಷಣ ಚಿತ್ರ ಬರುತ್ತದೆ. ಹಿಂದೆ ಚಕ್ರ ತಿರುಗುತ್ತ ಕಾಯಿಸುತ್ತಿತ್ತಲ್ಲ, ಬೇಸರ ಬಂದು ಫೋನ್ ಕೆಳಗಿಡುತ್ತಿದ್ದದ್ದು ಆಗಲೇ. ಆ ಸಂದನ್ನೂ ಮುಚ್ಚಿದ್ದಾರೆ. ಡೇಟಾ ಬೇಗ ಖಾಲಿಯಾಗುವುದಕ್ಕೂ ಇದೊಂದು ಕಾರಣ. ನೋಡದೆ ದಾಟಿದ ವಿಡಿಯೊಗೂ ಡೇಟಾ ಖರ್ಚಾಗಿರುತ್ತದೆ.

ಮನರಂಜನೆಯ ಅಭ್ಯಾಸ ಇದರಿಂದ ಹೇಗೆ ಬದಲಾಯಿತು? ಒಂದು, ಕಾರ್ಯಕ್ರಮಕ್ಕಿಂತ ವ್ಯಕ್ತಿ ದೊಡ್ಡವನಾದ. ನಿಮ್ಮ ಮಗಳನ್ನು ‘ಏನು ನೋಡ್ತೀಯಾ’ ಅಂತ ಕೇಳಿದರೆ ಕಾರ್ಯಕ್ರಮದ ಹೆಸರು ಬರುವುದಿಲ್ಲ, ವ್ಯಕ್ತಿಯ ಹೆಸರು ಬರುತ್ತದೆ. ಆ ವ್ಯಕ್ತಿ ಗೇಮ್ ಆಡಿದರೂ, ಊರು ಸುತ್ತಿದರೂ, ಸುಮ್ಮನೆ ಕೂತು ಕಾಮೆಂಟ್ ಓದಿದರೂ ನೋಡುತ್ತಾಳೆ. ಪರದೆಯ ಮೇಲಿನವರ ಜೊತೆ ನೋಡುಗರಿಗೆ ಬೆಳೆಯುವ ಈ ಒಮ್ಮುಖದ ಸಲಿಗೆಯನ್ನು ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಸಂಶೋಧಕರು 1956ರಲ್ಲೇ, ಟಿವಿ ಹೊಸದಾಗಿದ್ದಾಗಲೇ ವಿವರಿಸಿದ್ದರು. ಹೊಸದೇನೆಂದರೆ ಈಗ ಅದು ಪೂರ್ತಿ ಒಮ್ಮುಖವಲ್ಲ. ನೇರಪ್ರಸಾರದಲ್ಲಿ ಅವಳ ಕಾಮೆಂಟನ್ನು ಒಮ್ಮೆ ಹೆಸರು ಹಿಡಿದು ಓದಿಬಿಟ್ಟರೆ ಮುಗಿಯಿತು, ಆ ಒಂದು ಕ್ಷಣಕ್ಕಾಗಿ ಎಷ್ಟೋ ಸಂಜೆ ಕಾಯುತ್ತಾಳೆ. ಹಾಗಾಗಿ ‘ಅವನೇನು ಮಹಾ, ಬರೀ ಕಿರುಚ್ತಾನೆ’ ಅಂತ ಮನೆಯವರು ಆಡಿಕೊಂಡರೆ ಮಕ್ಕಳಿಗೆ ಅದು ಗೆಳೆಯನನ್ನು ಬೈದ ಹಾಗೆ ಕೇಳಿಸುತ್ತದೆ.

ಇನ್ನೊಂದು, ದೊಡ್ಡ ಕೃತಿಗಳು ತುಂಡಾಗಿ ತಲುಪುತ್ತಿವೆ. ಸಿನಿಮಾ ಪೂರ್ತಿ ನೋಡದೆ ಅದರ ಇಪ್ಪತ್ತು ಒಳ್ಳೆಯ ತುಣುಕು ನೋಡಿರುತ್ತಾರೆ, ಕಥೆ ಗೊತ್ತು, ಡೈಲಾಗ್ ಗೊತ್ತು. ಹಾಡಿನ ಹದಿನೈದು ಸೆಕೆಂಡ್ ಬಾಯಿಪಾಠ, ಪಲ್ಲವಿಗೆ ಮುಂಚೆ ಏನಿದೆ ಅನ್ನುವುದು ಗೊತ್ತಿಲ್ಲ. ಪಾಠದ ವಿಡಿಯೊ ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಶಬ್ದ ಬಂದ್ ಮಾಡಿ ಕೆಳಗಿನ ಅಕ್ಷರ ಓದಿಕೊಂಡು ನೋಡುತ್ತಾರೆ, ಬಸ್ಸಿನಲ್ಲಿ, ತರಗತಿಯ ಹಿಂದಿನ ಬೆಂಚಿನಲ್ಲಿ. ಕೆಲವರಿಗೆ ವಿಡಿಯೊ ಅನ್ನುವುದು ನೋಡುವುದಕ್ಕಲ್ಲ, ಪಕ್ಕದಲ್ಲಿ ಸದ್ದು ಮಾಡಿಕೊಂಡಿರಲು ಬೇಕು. ಯಾರೋ ಎರಡು ಗಂಟೆ ಮೌನವಾಗಿ ಓದುತ್ತ ಕೂತಿರುವ ವಿಡಿಯೊ ಹಾಕಿಕೊಂಡು ತಾವೂ ಓದುತ್ತಾರೆ. ಇದನ್ನು ಕೆಡುಕು ಅನ್ನಲು ನನಗೆ ಕಾರಣ ಕಾಣುವುದಿಲ್ಲ. ಒಂಟಿಯಾಗಿ ಓದುವುದಕ್ಕಿಂತ ಅದು ಎಷ್ಟೋ ವಾಸಿ.

ಮನೆಯವರೆಲ್ಲ ಒಂದೇ ಕೋಣೆಯಲ್ಲಿ ನಾಲ್ಕು ಪರದೆ ಹಿಡಿದು ಕೂರುವ ದೃಶ್ಯ ನಿಮಗೆಲ್ಲ ಗೊತ್ತು, ಅದನ್ನು ವಿವರಿಸುವುದಿಲ್ಲ. ಆದರೆ ಮಕ್ಕಳು ಒಂಟಿಯಾಗಿ ನೋಡುತ್ತಾರೆ ಅನ್ನುವುದು ಅರ್ಧ ಸತ್ಯ. ನೋಡುವುದು ಒಂಟಿಯಾಗಿ, ಆದರೆ ನೋಡಿದ್ದನ್ನು ಕೂಡಲೇ ಕಳಿಸುತ್ತಾರೆ. ಇಬ್ಬರು ಗೆಳತಿಯರ ಚಾಟ್‌ನಲ್ಲಿ ಮಾತೇ ಇಲ್ಲದೆ ಸಾಲು ಸಾಲು ವಿಡಿಯೊ ಮಾತ್ರ ಇರುತ್ತವೆ. ಇದು ನೀನೇ, ಇದು ನಮ್ಮ ಕ್ಲಾಸಿನವನ ಥರ, ಇದು ನೋಡಿ ನಿನ್ನ ನೆನಪಾಯಿತು. ಫೋನ್ ಕಿತ್ತುಕೊಂಡಾಗ ಮಕ್ಕಳು ಅಷ್ಟು ಸಿಟ್ಟಾಗುವುದು ವಿಡಿಯೊ ತಪ್ಪಿತು ಅಂತ ಮಾತ್ರ ಅಲ್ಲ; ಆ ಸಂಭಾಷಣೆಯ ನಡುವಿನಿಂದ ಅವರನ್ನು ಎಬ್ಬಿಸಿದ ಹಾಗಾಗುತ್ತದೆ.

ವಿಡಿಯೊ ಮಾಡುವ ಮಕ್ಕಳೂ ಇದ್ದಾರೆ. ಅವರ ಬಗ್ಗೆ ಎರಡು ಮಾತು. 9:16 ಅನುಪಾತದಲ್ಲಿ ಫೋನ್ ನಿಲ್ಲಿಸಿ ಹಿಡಿಯುವುದು, ಮೊದಲ ಮೂರು ಸೆಕೆಂಡಿನಲ್ಲೇ ವಿಷಯ ತೋರಿಸುವುದು, ಮಾತಿನ ನಡುವಿನ ಮೌನ ಕತ್ತರಿಸುವುದು, ಅಕ್ಷರಗಳನ್ನು ಗುಂಡಿಗಳು ಮುಚ್ಚದ ಜಾಗದಲ್ಲಿ, ಅಂದರೆ ಬಲ ಅಂಚು ಮತ್ತು ಕೆಳಭಾಗ ಬಿಟ್ಟು ಹಾಕುವುದು. ಇದು ಕಲಿಕೆಯೇ, ಸಂಕಲನ ಅನ್ನುವ ಕಸುಬಿನ ಮೊದಲ ಪಾಠ. ಹೊಸಬರ ವಿಡಿಯೊ ಕೆಡುವುದು ಹೆಚ್ಚಾಗಿ ಚಿತ್ರದಿಂದಲ್ಲ, ಶಬ್ದದಿಂದ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಮಾತಾಡುವವರಿಂದ ಒಂದು ತೋಳಳತೆಯೊಳಗೆ ಇಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ದೊಡ್ಡವರು ನೋಡಿಕೊಳ್ಳಬೇಕಾದ್ದು ಬೇರೆ: ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಹಿನ್ನೆಲೆಯಲ್ಲಿ ಮನೆಯ ಗೇಟು ಮತ್ತು ವಾಹನದ ನಂಬರ್, ಪೋಸ್ಟ್ ಜೊತೆಗೆ ಹೋಗುವ ಲೊಕೇಶನ್. ಟ್ರಿಪ್‌ನಲ್ಲಿ ತೆಗೆದದ್ದನ್ನು ಮನೆಗೆ ಬಂದ ಮೇಲೆ ಹಾಕಲಿ.

ಇಷ್ಟೆಲ್ಲ ಆದಮೇಲೆ, ಹಾನಿ ಎಷ್ಟು? ಇಲ್ಲಿ ಯಾರಾದರೂ ಬಹಳ ಖಚಿತವಾಗಿ ಮಾತಾಡಿದರೆ ಸ್ವಲ್ಪ ಅನುಮಾನಿಸಿ. ಆಕ್ಸ್‌ಫರ್ಡ್‌ನ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದಾಗ, ಡಿಜಿಟಲ್ ಬಳಕೆಗೂ ಮನಸ್ಸಿನ ಸ್ವಾಸ್ಥ್ಯಕ್ಕೂ ನಂಟು ಇದೆ, ಕೆಟ್ಟ ದಿಕ್ಕಿನದೇ, ಆದರೆ ಸ್ವಾಸ್ಥ್ಯದಲ್ಲಿನ ಏರುಪೇರಿನ ಶೇ 0.4ರಷ್ಟನ್ನು ಮಾತ್ರ ಅದು ವಿವರಿಸುತ್ತದೆ ಅಂತ ಕಂಡರು. ಇತ್ತ 2023ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್, ಸೋಷಿಯಲ್ ಮೀಡಿಯಾ ಮಕ್ಕಳಿಗೆ ಸಾಕಷ್ಟು ಸುರಕ್ಷಿತ ಅಂತ ಹೇಳಲು ಆಗುವುದಿಲ್ಲ ಎಂಬ ಎಚ್ಚರಿಕೆ ಹೊರಡಿಸಿದರು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಸರಾಸರಿಯಲ್ಲಿ ಸಣ್ಣದಾಗಿ ಕಾಣುವುದು, ಆಗಲೇ ಕಷ್ಟದಲ್ಲಿರುವ ಒಂದು ಮಗುವಿಗೆ ದೊಡ್ಡದಾಗಿರಬಹುದು.

ನಿದ್ದೆಯ ವಿಷಯಕ್ಕೆ ಬಂದರೆ ಮಾತ್ರ ನಾನು ಅಷ್ಟು ಮೆತ್ತಗೆ ಮಾತಾಡುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ಚಿಕ್ಕ ಮಕ್ಕಳಿಗಿಂತ, ದೊಡ್ಡವರಿಗಿಂತ ತಡವಾಗಿ ಏರುತ್ತದೆ. ಶಾಲೆ ಮಾತ್ರ ತಡವಾಗಿ ಶುರುವಾಗುವುದಿಲ್ಲ. ಆರೂವರೆಗೆ ಏಳಬೇಕಾದವನು ಒಂಬತ್ತು ಗಂಟೆ ನಿದ್ದೆ ಮಾಡಬೇಕಾದರೆ ಒಂಬತ್ತೂವರೆಗೆ ಮಲಗಿರಬೇಕು. ದೇಹಕ್ಕೆ ನಿದ್ದೆ ಬರುವುದು ಹನ್ನೊಂದಕ್ಕೆ. ನಡುವಿನ ಆ ಒಂದೂವರೆ ಗಂಟೆಯೇ ಫೀಡಿಗೆ ಸಿಗುವುದು, ಮತ್ತು ಫೀಡಿಗೆ ಹನ್ನೊಂದು ಗಂಟೆ ಆಯಿತು ಅಂತ ಗೊತ್ತಾಗುವುದಿಲ್ಲ. ನೆಟ್‌ಫ್ಲಿಕ್ಸ್‌ನ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ತಮ್ಮ ಪೈಪೋಟಿ ನಿದ್ದೆಯ ಜೊತೆ ಅಂದಿದ್ದರು. ಅದನ್ನು ತಮಾಷೆ ಅಂತ ತೆಗೆದುಕೊಳ್ಳಬೇಡಿ, ಲೆಕ್ಕ ಹಾಕಿ ಹೇಳಿದ ಮಾತು.

ಸರ್ಕಾರಗಳು ಏನು ಮಾಡಿವೆ ಅಂತ ಕೇಳುತ್ತೀರಿ. ಭಾರತ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿತು, ಭದ್ರತೆಯ ಕಾರಣಕ್ಕೆ. ಮಕ್ಕಳು ಚಿಕ್ಕ ವಿಡಿಯೊ ನೋಡುವುದನ್ನು ಬಿಟ್ಟರೇ? ಮುಂದಿನ ತಿಂಗಳೇ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್ ಪ್ರಯೋಗ ಶುರುವಾಯಿತು. ಆ್ಯಪ್ ಹೋಯಿತು, ಅಭ್ಯಾಸ ಉಳಿಯಿತು. ಚೀನಾದಲ್ಲಿ 2021ರಿಂದ, ಟಿಕ್‌ಟಾಕ್‌ನ ಅಲ್ಲಿನ ರೂಪವಾದ ಡೌಯಿನ್ ಆ್ಯಪ್ 14ಕ್ಕಿಂತ ಚಿಕ್ಕವರಿಗೆ ದಿನಕ್ಕೆ 40 ನಿಮಿಷ ಮಾತ್ರ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಂದ್. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರು ಇಂಥ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಆದರೆ ಖಾತೆ ಇಲ್ಲದೆಯೂ ಯೂಟ್ಯೂಬ್ ನೋಡಬಹುದು, ಆಗ ವಯಸ್ಸಿಗೆ ತಕ್ಕ ಸೆಟ್ಟಿಂಗ್ ಯಾವುದೂ ಅನ್ವಯಿಸುವುದಿಲ್ಲ. ಇನ್ನು ಎಲ್ಲ ಕಡೆ ಕಾಣುವ ‘13 ವರ್ಷ’ ಅನ್ನುವ ಗೆರೆ ಬಂದದ್ದು ಅಮೆರಿಕದ 1998ರ ಕಾನೂನಿನಿಂದ. ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದು ಅನ್ನುವ ಕಾನೂನು ಅದು. ಹದಿಮೂರಕ್ಕೆ ಮನಸ್ಸು ಬಲಿತಿರುತ್ತದೆ ಅಂತ ಯಾರೂ ಪರೀಕ್ಷಿಸಿ ಹಾಕಿದ ಗೆರೆಯಲ್ಲ.

ಮನೆಯಲ್ಲಿ ಮಾಡಬಹುದಾದ್ದಕ್ಕೆ ಬರುತ್ತೇನೆ. ಮೊದಲು ಖಾತೆಯಲ್ಲಿರುವ ಹುಟ್ಟಿದ ತಾರೀಖು ನೋಡಿ. ಯೂಟ್ಯೂಬ್ 2021ರಲ್ಲಿ 18ರೊಳಗಿನವರ ಖಾತೆಗಳಲ್ಲಿ ಆಟೊಪ್ಲೇ ತಾನಾಗಿ ಆಫ್ ಇರುವಂತೆ, ವಿರಾಮದ ಮತ್ತು ಮಲಗುವ ಹೊತ್ತಿನ ಜ್ಞಾಪನೆ ತಾನಾಗಿ ಆನ್ ಇರುವಂತೆ ಮಾಡಿತು. ಆದರೆ ಒಂಬತ್ತನೇ ವಯಸ್ಸಿನಲ್ಲಿ ಖಾತೆ ತೆರೆಯಲು ಹದಿನೆಂಟು ಅಂತ ಸುಳ್ಳು ವರ್ಷ ಹಾಕಿದ್ದರೆ, ಹದಿನಾಲ್ಕರ ಹುಡುಗ ಅಲ್ಲಿ ಇಪ್ಪತ್ತಮೂರರ ಯುವಕ. ಇದ್ಯಾವುದೂ ಅವನಿಗೆ ಸಿಗದೆ ಹೋಗಬಹುದು. ಎಷ್ಟೋ ಮನೆಗಳಲ್ಲಿ ಖಾತೆ ಅಪ್ಪನ ಹೆಸರಿನದು, ಅದೂ ಅದೇ ಕಥೆ.

ಟೈಮರ್ ಹಾಕುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ಎಲ್ಲಿ ಸೋರುತ್ತದೆ ಅಂತ ಗೊತ್ತಿರಲಿ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಟೈಮರ್‌ಗೆ ಪಾಸ್‌ವರ್ಡ್ ಇಲ್ಲ, ಹಾಕಿದವರೇ ತೆಗೆಯಬಹುದು. ಅದು ಸ್ವಂತ ಶಿಸ್ತಿಗೆ ಮಾತ್ರ. ಪೋಷಕರ ಫೋನಿನಿಂದ ಹಿಡಿತ ಬೇಕೆಂದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಬೇಕು. ಐಫೋನಿನಲ್ಲಿ ಸ್ಕ್ರೀನ್ ಟೈಮ್‌ಗೆ ಪ್ರತ್ಯೇಕ ಪಾಸ್‌ಕೋಡ್ ಹಾಕಿ, ಮಿತಿ ಮುಗಿದಾಗ ಆ್ಯಪ್ ತಡೆಯುವ ಆಯ್ಕೆಯನ್ನು ಆನ್ ಮಾಡದಿದ್ದರೆ, ‘ಇವತ್ತಿಗೆ ಮಿತಿ ಬೇಡ’ ಅಂತ ಒತ್ತಿ ಮುಂದುವರಿಯಬಹುದು. ಟಿಕ್‌ಟಾಕ್ 2023ರಿಂದ 18ರೊಳಗಿನವರಿಗೆ ದಿನಕ್ಕೆ 60 ನಿಮಿಷದ ಮಿತಿ ಇಟ್ಟಿದೆ, ಆದರೆ 13 ದಾಟಿದವರು ಅಲ್ಲೇ ಕೋಡ್ ಹೊಡೆದು ದಾಟಿ ಹೋಗಬಹುದು. ಆ್ಯಪ್ ಮುಚ್ಚಿದರೆ ಬ್ರೌಸರ್ ಇದೆ. ಬ್ರೌಸರ್ ಮುಚ್ಚಿದರೆ ಚಾಟ್ ಒಳಗೇ ತೆರೆದುಕೊಳ್ಳುವ ವಿಡಿಯೊ ಇದೆ. ಎಲ್ಲ ಮುಚ್ಚಿದರೆ ಕಪಾಟಿನಲ್ಲಿ ಮರೆತು ಬಿದ್ದ, ಸಿಮ್ ಇಲ್ಲದ, ಮನೆಯ ವೈಫೈ ಪಾಸ್‌ವರ್ಡ್ ನೆನಪಿಟ್ಟುಕೊಂಡಿರುವ ಹಳೆಯ ಫೋನ್ ಇದೆ. ಅದನ್ನು ಮೊದಲು ಹುಡುಕಿ. ಮತ್ತೆ, ಟೈಮರ್ ಆಟದ ನಡುವೆ, ನೇರಪ್ರಸಾರದ ನಡುವೆ ಕತ್ತರಿಸಿದರೆ ಜಗಳ ಖಾತ್ರಿ. ಮುಗಿಯುವ ಹತ್ತು ನಿಮಿಷ ಮೊದಲು ಬಾಯಲ್ಲೇ ಹೇಳಿ, ಆ ಆಟ ಮುಗಿಯಲು ಬಿಡಿ.

ಇಷ್ಟಕ್ಕಿಂತ ಹೆಚ್ಚು ಕೆಲಸ ಮಾಡುವುದು ಚಾರ್ಜರ್‌ನ ಜಾಗ. ಮಲಗುವ ಕೋಣೆಯ ಹೊರಗೆ, ದೊಡ್ಡವರ ಫೋನೂ ಅಲ್ಲೇ. ‘ಅಲಾರಂಗೆ ಬೇಕು’ ಅನ್ನುವ ಮಾತು ಬಂದೇ ಬರುತ್ತದೆ, ಅದಕ್ಕೆ ಒಂದು ಟೇಬಲ್ ಗಡಿಯಾರ ತಂದಿಡಿ. ನೋಟಿಫಿಕೇಶನ್‌ಗಳಲ್ಲಿ ಕರೆ ಮತ್ತು ಮನುಷ್ಯರು ಕಳಿಸಿದ ಸಂದೇಶ ಮಾತ್ರ ಇಟ್ಟು, ‘ನಿಮಗಾಗಿ ಹೊಸ ವಿಡಿಯೊ’ ಅನ್ನುವ ಬಗೆಯವನ್ನೆಲ್ಲ ಆಫ್ ಮಾಡಿ. ಇದಕ್ಕೆ ಮಕ್ಕಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಅವರಿಗೂ ಅದು ಕಿರಿಕಿರಿಯೇ.

ಕೊನೆಗೆ ಫೀಡ್ ಸ್ವಚ್ಛ ಮಾಡುವ ಕೆಲಸ. ಇದನ್ನು ಮಗು ಶಾಲೆಗೆ ಹೋದಾಗ ಕದ್ದು ಮಾಡಬೇಡಿ. ಜೊತೆಗೆ ಕೂತು, ಫೋನ್ ಅವರ ಕೈಯಲ್ಲೇ ಇರಲಿ. ಯೂಟ್ಯೂಬ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಎಲ್ಲ ಹಿಸ್ಟರಿ ನಿರ್ವಹಿಸುವ ಪುಟ ತೆರೆಯಿರಿ. ಒಂದೊಂದೇ ಅಳಿಸಬಹುದು, ಒಂದು ಅವಧಿಯದ್ದು ಅಳಿಸಬಹುದು, ಪೂರ್ತಿ ಅಳಿಸಬಹುದು. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಇಡಬಹುದು. ಹಿಸ್ಟರಿ ದಾಖಲಿಸುವುದನ್ನೇ ನಿಲ್ಲಿಸಿದರೆ ಇನ್ನೂ ಒಂದು ಬದಲಾವಣೆ ಕಾಣುತ್ತದೆ: 2023ರ ಆಗಸ್ಟ್‌ನಿಂದ, ಹಿಂದಿನ ಹಿಸ್ಟರಿ ಹೆಚ್ಚಿಲ್ಲದೆ ದಾಖಲೆ ಆಫ್ ಇರುವವರಿಗೆ ಮುಖಪುಟದಲ್ಲಿ ಶಿಫಾರಸೇ ಬರುವುದಿಲ್ಲ, ಹುಡುಕುವ ಪಟ್ಟಿ ಮಾತ್ರ ಇರುತ್ತದೆ. ಏನು ಬೇಕು ಅಂತ ಮೊದಲು ಯೋಚಿಸಿ ಟೈಪ್ ಮಾಡಬೇಕು. ಕೆಲವು ಮಕ್ಕಳಿಗೆ ಇದು ಹಿತವಾಗುತ್ತದೆ, ಹೆಚ್ಚಿನವರಿಗೆ ಎರಡೇ ದಿನಕ್ಕೆ ಬೇಸರ. ಬಲವಂತ ಬೇಡ. ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಎರಡರಲ್ಲೂ ಶಿಫಾರಸನ್ನು ಹೊಸದಾಗಿ ಶುರು ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ.

ಅಳಿಸಿದ ಮೇಲೂ ಹಳೆಯದೇ ಬರುತ್ತಿದೆ ಅಂತ ದೂರು ಬರುತ್ತದೆ. ಕಾರಣ ಮೂರರಲ್ಲಿ ಒಂದಿರುತ್ತದೆ. ಲೈಕ್ ಮಾಡಿದ್ದು, ಸಬ್‌ಸ್ಕ್ರೈಬ್ ಆಗಿದ್ದು ಹಾಗೇ ಉಳಿದಿರುತ್ತದೆ, ಅದನ್ನು ಬೇರೆಯಾಗಿ ತೆಗೆಯಬೇಕು. ಹುಡುಕಾಟದ ಹಿಸ್ಟರಿ ಅಳಿಸಿರುವುದಿಲ್ಲ. ಇಲ್ಲವೇ ಅದೇ ಖಾತೆ ಮನೆಯ ಟಿವಿಯಲ್ಲೂ ಇದ್ದು, ತಮ್ಮ ನೋಡಿದ ಕಾರ್ಟೂನ್ ಅಕ್ಕನ ಫೀಡಿಗೆ ಬರುತ್ತಿರುತ್ತದೆ. ಟಿವಿಗೆ ಬೇರೆ ಖಾತೆ ಹಾಕಿ. ಎಲ್ಲ ಸರಿಯಾದ ಮೇಲೆ ಮೊದಲ ಕೆಲವು ದಿನ ಶಾರ್ಟ್ಸ್ ಕಡೆ ಹೋಗದೆ, ನಿಜಕ್ಕೂ ಇಷ್ಟವಾದ ನಾಲ್ಕೈದು ವಿಷಯಗಳನ್ನು ಹುಡುಕಿ ಉದ್ದದ ವಿಡಿಯೊಗಳನ್ನೇ ಪೂರ್ತಿ ನೋಡಲಿ. ಬೇಡದ್ದು ಬಂದಾಗ ಸುಮ್ಮನೆ ದಾಟುವ ಬದಲು, ಪಕ್ಕದ ಮೂರು ಚುಕ್ಕಿ ಒತ್ತಿ ‘ಆಸಕ್ತಿ ಇಲ್ಲ’ ಅನ್ನುವುದನ್ನು ಆರಿಸಲಿ. ಅದೇ ಚಾನೆಲ್ ಮತ್ತೆ ಮತ್ತೆ ಬಂದರೆ ‘ಈ ಚಾನೆಲ್ ಶಿಫಾರಸು ಬೇಡ’ ಅನ್ನುವುದು ಅದರ ಪಕ್ಕದಲ್ಲೇ ಇದೆ.